ಕತ್ತಲಮ್ಮ ಕಿಟಕಿ ತೆಗೆಸಿದ್ದು

ನಮ್ಮ ಕಚೇರಿಗೆ ವರ್ಗವಾಗಿ ಬಂದ ವಾರದೊಳಗೇ ಅವಳಿಗೆ ಅಡ್ಡಹೆಸರು ಬಿತ್ತು. ವಿದ್ಯುತ್ ವಿಭಾಗದ ಸಹಾಯಕ ಎಂಜಿನಿಯರ್ ಅವಳು. ಬಂದ ದಿನವೇ ಕಾರಿಡಾರಿನುದ್ದಕ್ಕೂ ನಡೆದು, ಊಟಕ್ಕೆ ಎದ್ದುಹೋದವರ ತಲೆಮೇಲಿನ ದೀಪ, ಖಾಲಿ ಸಭಾಂಗಣದಲ್ಲಿ ಕುರ್ಚಿಗಳಿಗೆ ಗಾಳಿ ಹಾಕುತ್ತಿದ್ದ ಫ್ಯಾನು, ಯಾರ ಮುಖವನ್ನೂ ನೋಡದೆ ಬೆಳಗುತ್ತಿದ್ದ ಕಂಪ್ಯೂಟರ್ ಪರದೆ, ಒಂದೊಂದನ್ನೇ ಆರಿಸುತ್ತಾ ಹೋದಳು. ಲೆಕ್ಕ ಶಾಖೆಯ ಮುಖ್ಯಸ್ಥರು ಊಟ ಮುಗಿಸಿ ಬಂದು ಕತ್ತಲಲ್ಲಿ ಕುರ್ಚಿಗೆ ಮೊಣಕಾಲು ಬಡಿಸಿಕೊಂಡರು. ದಪ್ಪ ಮೀಸೆಯ ದೆಸೆಯಿಂದ ನಾವೆಲ್ಲ ಅವರನ್ನು ಮೀಸೆ ಮಾವ ಅನ್ನುತ್ತಿದ್ದೆವು. “ಯಾರಪ್ಪಾ ಇವಳು, ಕತ್ತಲಮ್ಮ!” ಎಂದು ಅವರು ಕೂಗಿಕೊಂಡದ್ದು ಮೇಲಿನ ಮಹಡಿಗೂ ಕೇಳಿಸಿತು. ಹೆಸರು ಅಂಟಿಕೊಂಡಿತು.

ಅವಳು ಬೇಜಾರು ಮಾಡಿಕೊಳ್ಳುವವರ ಪೈಕಿಯಲ್ಲ. ಮುಂದಿನ ತಿಂಗಳಿಗೆ ತಾನೇ ಫೋನೆತ್ತಿ, “ಹಲೋ, ಕತ್ತಲಮ್ಮ ಮಾತಾಡ್ತಿದೀನಿ. ನಿಮ್ಮ ಮಹಡೀಲಿ ಯಾವ ಟ್ಯೂಬ್‌ಲೈಟ್ ಹೋಗಿದೆ?” ಎಂದು ಕೇಳುವಷ್ಟಾಗಿದ್ದಳು.

ನಾನು ನೆಲಮಹಡಿಯಲ್ಲಿ ಜನನ ಪ್ರಮಾಣಪತ್ರ ಕೊಡುವ ಕೌಂಟರಿನಲ್ಲಿ ಕೂರುವವಳು. ಅವಳ ಮೇಜು ನಮ್ಮ ಹಿಂದಿನ ಮೀಟರ್ ಕೋಣೆಯ ಪಕ್ಕದಲ್ಲಿತ್ತು. ಹಾಗಾಗಿ ಅವಳ ಸಂಕಟ, ಸಂತೋಷ ಎರಡೂ ನನ್ನ ಕಿವಿ ದಾಟಿಯೇ ಹೋಗಬೇಕಾಗಿತ್ತು.

ನಮ್ಮ ಕಟ್ಟಡದ ಬಗ್ಗೆ ಒಂದು ಮಾತು ಹೇಳಬೇಕು. ಕಟ್ಟಿದವರು ಬುದ್ಧಿವಂತರೇ. ಎತ್ತರದ ಸೂರು, ಎದುರುಬದುರು ದೊಡ್ಡ ಕಿಟಕಿಗಳು, ಬಿಸಿಲು ಬೀಳುವ ಕಡೆ ಅಗಲವಾದ ವರಾಂಡ. ಆಮೇಲೆ ಛಾವಣಿಯ ಮೇಲೆ ದೊಡ್ಡ ಹವಾನಿಯಂತ್ರಣ ಯಂತ್ರ ಬಂತು. ತಣ್ಣನೆ ಗಾಳಿ ಸೋರಿಹೋಗಬಾರದೆಂದು ಕಿಟಕಿಗಳಿಗೆಲ್ಲ ಸ್ಕ್ರೂ ಹೊಡೆದು, ಮೇಲೆ ಬಣ್ಣ ಬಳಿದರು. ವರಾಂಡಕ್ಕೆ ಗಾಜು ಹಾಕಿದರು. ಆಮೇಲೆ ಕಂಪ್ಯೂಟರುಗಳು ಬಂದವು. ಪ್ರತಿ ಶಾಖೆಯೂ ತನ್ನದೇ ಒಂದು ಸರ್ವರ್ ತರಿಸಿಕೊಂಡಿತು. ಕಡತಗಳನ್ನೆಲ್ಲ ಹೊಟ್ಟೆಯೊಳಗಿಟ್ಟುಕೊಂಡು ಹಗಲಿರುಳು ಗುಂಯ್‌ಗುಡುವ ಕಪ್ಪು ಡಬ್ಬಿ ಅದು. ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೊಂದು ಪ್ರತ್ಯೇಕ ಎ.ಸಿ. ಸರ್ವರ್ ಬಿಸಿ ಕಾರುವುದು, ಎ.ಸಿ. ಅದನ್ನು ತಣಿಸುವುದು, ಆ ಎ.ಸಿ. ಕಾರಿದ ಬಿಸಿ ಕಾರಿಡಾರಿಗೆ ಬರುವುದು, ಅದನ್ನು ತಣಿಸಲು ಛಾವಣಿಯ ಯಂತ್ರ ಇನ್ನಷ್ಟು ಏದುಸಿರು ಬಿಡುವುದು. ಇಷ್ಟಾಗಿಯೂ ಹದವಿರಲಿಲ್ಲ. ಕಾರಿಡಾರಿನಲ್ಲಿ ಬೆವರು, ಒಳಗೆ ಚಳಿ. ಹೊರಗೆ ಡಾಂಬರು ಕರಗುವ ಬೇಸಿಗೆಯಲ್ಲಿ ನಮ್ಮ ಬೆರಳಚ್ಚುಗಾರ್ತಿ ಸ್ವೆಟರ್ ಹಾಕಿ, ಕಿವಿಗೆ ಹತ್ತಿ ತುರುಕಿ ಕೂರುತ್ತಿದ್ದಳು.

ಕತ್ತಲಮ್ಮನ ಮನೆ ಕಚೇರಿಯ ಹಿಂದಿನ ಗಲ್ಲಿಯಲ್ಲೇ ಇತ್ತು, ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟಂತೆ. ಗಂಡ ಬಸ್ ಡಿಪೋದಲ್ಲಿ ಟೈರು ನೋಡುವ ಕೆಲಸದವನು, ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಅತ್ತೆ ಗುತ್ತಿಗೆ ಹಿಡಿದಿದ್ದರು. ಅವರು ಹಿಂದೆ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಗಲ್ಲಿಯವರ ಸುದ್ದಿ ಜೋಡಿಸುತ್ತಿದ್ದರು. ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರ ಮನೆಯ ಹಂಚು ಸೋರುತ್ತಿದೆ, ಎಲ್ಲವೂ ಅವರ ಮಂಚದ ಮೇಲಿಂದಲೇ ಹಾದುಹೋಗುತ್ತಿತ್ತು. ಮಂಚ ಕಿಟಕಿಗೆ ಅಂಟಿಕೊಂಡಿತ್ತು. ಅವರಿಗೆ ಉಬ್ಬಸ. ಎದ್ದು ಬಹಳ ದೂರ ನಡೆಯಲಾರರು.

ತೊಂದರೆ ಶುರುವಾಗುತ್ತಿದ್ದದ್ದು ಮಧ್ಯಾಹ್ನ. ಕಚೇರಿಗೂ ಗಲ್ಲಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಬಿಸಿಲೇರಿ ನಮ್ಮ ಎ.ಸಿ.ಗಳೆಲ್ಲ ಒಟ್ಟಿಗೆ ಹೂಂಕರಿಸಿದಾಗ ಅದು ಕೈಚೆಲ್ಲುತ್ತಿತ್ತು. ಗಲ್ಲಿಯ ಫ್ಯಾನುಗಳು ನಿಲ್ಲುತ್ತಿದ್ದವು. ನಮಗೇನು, ಕ್ಷಣದಲ್ಲಿ ಜನರೇಟರ್ ಶುರು. ಆ ಜನರೇಟರಿನ ಹೊಗೆ ಕೊಳವೆ ಇದ್ದದ್ದು ಗಲ್ಲಿಯ ಕಡೆಗೆ. ಗಾಳಿಯನ್ನು ಕಿತ್ತುಕೊಂಡು ಹೊಗೆ ಕೊಟ್ಟಂತೆ.

“ನಿನ್ನ ಆಫೀಸು ಇವತ್ತೂ ಕೆಮ್ಮಿತು ಕಣೇ,” ಎನ್ನುತ್ತಿದ್ದರಂತೆ ಅತ್ತೆ, ಸೊಸೆ ಸಂಜೆ ಮನೆಗೆ ಹೋದಾಗ. “ಅದು ಕೆಮ್ಮಿದ್ರೆ ನಾನೂ ಜೊತೆಗೆ ಕೆಮ್ಮಬೇಕು ಅಂತ ಏನಾದ್ರೂ ಸರ್ಕಾರಿ ಆದೇಶ ಇದೆಯಾ?”

ಅಂಥ ಹೊತ್ತಿನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಸರ್ಕಾರಿ ಕಟ್ಟಡಗಳೂ ಕಂಪ್ಯೂಟರುಗಳೂ ಪರಿಸರಕ್ಕೆ ಹೊರೆಯಾಗಬಾರದು, ಪ್ರತಿ ಕಚೇರಿಯಲ್ಲೂ ಒಬ್ಬ ಹಸಿರು ಅಧಿಕಾರಿ ಇರಬೇಕು. ಯಾರಿಗೂ ಬೇಡವಾದ ಆ ಹುದ್ದೆಯನ್ನು ಕತ್ತಲಮ್ಮನ ಕುತ್ತಿಗೆಗೆ ಕಟ್ಟಿದರು. ಅವಳು ಅದನ್ನು ನಿಜವೆಂದೇ ನಂಬಿ, ಎರಡು ಕೆಲಸ ಆಗಬೇಕೆಂದು ಬರೆದುಕೊಂಡು ಮುಖ್ಯಾಧಿಕಾರಿಗಳ ಕೋಣೆಗೆ ಹೋದಳು. ಎಲ್ಲ ಶಾಖೆಯ ಸರ್ವರುಗಳನ್ನು ಒಂದೇ ಕೋಣೆಗೆ ತರುವುದು, ಮುಚ್ಚಿದ ಕಿಟಕಿಗಳನ್ನು ತೆಗೆಸುವುದು.

ಸಾಹೇಬರ ಕೋಣೆ ಅಂದರೆ ಮಂಜಿನ ಪೆಟ್ಟಿಗೆ. ಅವರು ಒಳಗೆ ಕೋಟು ಹಾಕಿ, ಬಿಸಿ ಚಹಾ ಹಿಡಿದು ಕೂತಿರುತ್ತಿದ್ದರು. ಕೆಟ್ಟವರಲ್ಲ, ಆದರೆ ತಂಟೆ ಬೇಡದವರು.

“ನೋಡಮ್ಮಾ, ಸುತ್ತೋಲೆ ಬರುತ್ತೆ, ಹೋಗುತ್ತೆ. ಕ್ರಮ ತಗೊಂಡಿದೀವಿ ಅಂತ ಉತ್ತರ ಬರಿ. ಗೇಟಿನ ಹತ್ತಿರ ‘ವಿದ್ಯುತ್ ಉಳಿಸಿ’ ಅಂತ ಒಂದು ದೊಡ್ಡ ಬೋರ್ಡ್ ಹಾಕ್ಸು.”

“ಆ ಬೋರ್ಡಿಗೆ ಲೈಟ್ ಹಾಕ್ಸೋದಾ ಸಾರ್?”

ಸಾಹೇಬರು ಚಹಾ ಕೆಳಗಿಟ್ಟು ಅವಳ ಮುಖ ನೋಡಿದರು. ಅವಳು ತಮಾಷೆಗೆ ಕೇಳಿದಳೋ, ಗಂಭೀರವಾಗಿ ಕೇಳಿದಳೋ ಅವರಿಗೆ ತಿಳಿಯಲಿಲ್ಲ. ಆಮೇಲೆ ನನಗೆ ಹೇಳುವಾಗ ಅವಳಿಗೂ ಅದು ತಿಳಿದಿರಲಿಲ್ಲ. ಕೊನೆಗೆ ಅವರು, “ಸರ್ವರ್ ಕೆಲಸ ಮಾಡ್ಕೋ, ಯಾರಿಂದ್ಲೂ ದೂರು ಬರಬಾರದು. ಕಿಟಕಿ ಮಾತು ಎತ್ತಬೇಡ,” ಎಂದರು.

ದೂರು ಬರದೆ ಇರುತ್ತದೆಯೇ? ಸರ್ವರ್ ಎಂದರೆ ಶಾಖೆಯ ಮರ್ಯಾದೆಯ ಪ್ರಶ್ನೆ. ಭೂದಾಖಲೆ ಶಾಖೆಯ ಮೇಡಂ ಬಾಗಿಲಲ್ಲೇ ತಡೆದರು. “ನಮ್ಮ ದಾಖಲೆ ತಗೊಂಡು ಹೋಗಿ ಬೇರೆಯವರ ಕೋಣೇಲಿ ಇಡೋದಾ? ನಿಮ್ಮ ಮನೆ ಬೀರು ಪಕ್ಕದ ಮನೇಲಿ ಇಡ್ತೀರಾ ನೀವು?”

“ಪಕ್ಕದ ಮನೆ ಅಲ್ಲ ಮೇಡಂ, ಬ್ಯಾಂಕಿನ ಲಾಕರ್ ಅಂದ್ಕೊಳ್ಳಿ. ಕಾವಲು ಒಂದೇ, ಬೀಗ ಅವರವರದ್ದು. ಈಗ ನಿಮ್ಮ ಯಂತ್ರ ದಿನವಿಡೀ ಮೈಮುರೀತಾ ಕೂತಿರುತ್ತೆ. ಮಾಡೋ ಕೆಲಸ ಚೂರೇ ಚೂರು. ಕುಡಿಯೋ ಕರೆಂಟು ಮಾತ್ರ ಪೂರ್ತಿ.”

“ನಮ್ಮ ಶಾಖೇಲಿ ಯಾರು ಹಾಗೆ ಕೂತಿಲ್ಲ ಹೇಳಿ!” ಎಂದು ಅಲ್ಲೇ ಇದ್ದ ಗುಮಾಸ್ತರೊಬ್ಬರು ನಗಾಡಿದರು. ಮೇಡಂ ನಗಲಿಲ್ಲ, ಆದರೆ ಬಾಗಿಲಿಂದ ಸರಿದರು.

ಹೀಗೆ ಒಬ್ಬೊಬ್ಬರನ್ನೇ ಪುಸಲಾಯಿಸುತ್ತಾ ಹೋಗುತ್ತಿದ್ದಾಗ ಮೂರನೇ ಮಹಡಿಯ ಒಂದು ಕತ್ತಲೆ ಗೂಡಿನಲ್ಲಿ ಅವಳಿಗೆ ಹಳೆಯ ಯಂತ್ರವೊಂದು ಸಿಕ್ಕಿತು. ಧೂಳು ಮೆತ್ತಿಕೊಂಡು, ಹಸಿರು ದೀಪ ಮಿಣುಕಿಸುತ್ತಾ ನಡೆಯುತ್ತಲೇ ಇತ್ತು. ಯಾರದ್ದೆಂದು ಯಾರಿಗೂ ಗೊತ್ತಿಲ್ಲ. ಕೇಳಿದವರೆಲ್ಲ ಒಂದೇ ಉತ್ತರ: “ನಮ್ಮದಲ್ಲ. ಆದ್ರೆ ಮುಟ್ಟಬೇಡಿ.” ಅವಳು ಅದರ ಮೇಲೆ ಚೀಟಿ ಅಂಟಿಸಿದಳು, ಎಲ್ಲ ಶಾಖೆಗಳಿಗೂ ಕಾಗದ ಕಳಿಸಿದಳು. ಕೊಟ್ಟ ಗಡುವು ಮುಗಿಯಿತು, ಯಾರೂ ಬಾಯಿ ಬಿಡಲಿಲ್ಲ. ಅವಳು ಆರಿಸಿದಳು.

ಮರುದಿನ ಬೆಳಿಗ್ಗೆ ನನ್ನ ಕೌಂಟರ್ ಬಾಗಿಲು ತೆರೆದರೆ ಕಂಪ್ಯೂಟರ್ ಬಾಯಿ ಕಟ್ಟಿಕೊಂಡು ಕೂತಿದೆ. ಹೆಸರು ತುಂಬಿದೆ, ತಾರೀಖು ತುಂಬಿದೆ, ಆದರೆ ಪ್ರಮಾಣಪತ್ರದ ಸಂಖ್ಯೆ ಬೀಳುತ್ತಿಲ್ಲ. ಸಂಖ್ಯೆ ಇಲ್ಲದ ಪತ್ರ ಅಂದರೆ ಬರೀ ಕಾಗದ. ಸಾಲು ಬೆಳೆಯಿತು. ಬೈಗುಳ ಶುರುವಾಯಿತು. ಸಾಲಿನ ಮೊದಲಲ್ಲಿದ್ದವನು ಗೋಡೆಗೆ ಬಣ್ಣ ಬಳಿಯುವ ಕೆಲಸದವನು. ಉಗುರುಗಳಲ್ಲಿ ಇನ್ನೂ ನೀಲಿ ಬಣ್ಣವಿತ್ತು. ಮಗಳನ್ನು ಶಾಲೆಗೆ ಸೇರಿಸಲು ಅದೇ ಕೊನೆಯ ದಿನ.

“ಎರಡು ಸಲ ಬಂದು ಹೋಗಿದೀನಿ ಅಕ್ಕ. ಇವತ್ತು ಕೊಡ್ತೀನಿ ಅಂದಿದ್ರಿ,” ಎಂದ. ಕೂಗಾಡಲಿಲ್ಲ. ಅದೇ ನನಗೆ ಕಷ್ಟವಾಯಿತು.

ನಾನು ಕತ್ತಲಮ್ಮನಿಗೆ ಹೇಳಿಕಳಿಸಿದೆ. ಅವಳು ಬಂದು ಪರದೆ ನೋಡಿದವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಪತ್ರಗಳಿಗೆ ಸಂಖ್ಯೆ ಕೊಡುತ್ತಿದ್ದದ್ದು ಮೂರನೇ ಮಹಡಿಯ ಆ ಅನಾಥ ಯಂತ್ರವೇ. ಯಾವ ಕಾಲದಲ್ಲೋ ಯಾರೋ ಜೋಡಿಸಿ ಹೋಗಿದ್ದರು. ಅವಳು ಮೆಟ್ಟಿಲು ಹಾರುತ್ತಾ ಮೇಲೆ ಓಡಿದಳು. ಆದರೆ ಅಷ್ಟು ವರ್ಷ ನಿಲ್ಲದೆ ನಡೆದ ಯಂತ್ರ ಒಮ್ಮೆ ಮಲಗಿದ ಮೇಲೆ ಏಳಲು ಒಪ್ಪಲಿಲ್ಲ. ಅದನ್ನು ಎಬ್ಬಿಸಲು ಮರುದಿನದವರೆಗೆ ಬೇಕು ಎಂದರು ತಂತ್ರಜ್ಞರು.

ಅವಳು ಮತ್ತೆ ಕೆಳಗೆ ಬಂದು, ಕೌಂಟರಿನ ಒಳಗೆ ನಿಲ್ಲದೆ ಸಾಲಿನವರ ಮುಂದೆ ಹೋಗಿ ನಿಂತಳು. “ತಪ್ಪು ನನ್ನದು. ನಾನು ಆರಿಸಬಾರದ್ದನ್ನ ಆರಿಸಿದೆ. ನಾಳೆ ಬನ್ನಿ ಅನ್ನೋಕೆ ನನಗೆ ಮುಖ ಇಲ್ಲ. ಆದ್ರೂ ಹೇಳ್ತಿದೀನಿ. ಇವತ್ತೇ ಬೇಕೇಬೇಕು ಅನ್ನೋರು ಯಾರಿದೀರಿ?”

ಬಣ್ಣದವನು ಕೈಯೆತ್ತಿದ. ಇಬ್ಬರೂ ಬಸ್ಸು ಹತ್ತಿ ಆ ಶಾಲೆಗೆ ಹೋದರು. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ಪತ್ರ ತೆಗೆದುಕೊಳ್ಳಲು ಬಂದಾಗ ನನಗೆ ಹೇಳಿದ. ಮುಖ್ಯೋಪಾಧ್ಯಾಯಿನಿ ಮೊದಲು, “ನಿಯಮ ಅಂದ್ರೆ ನಿಯಮ,” ಅಂದರಂತೆ. ಇವಳು, “ನಿಯಮ ಮುರಿದವಳು ನಾನು ಮೇಡಂ, ಈ ಮನುಷ್ಯ ಅಲ್ಲ. ಶಿಕ್ಷೆ ಅವರ ಮಗಳಿಗೆ ಬೇಡ. ನನ್ನ ಹೆಸರು, ಹುದ್ದೆ ಬರ್ಕೊಳ್ಳಿ. ನಾಳೆ ಪತ್ರ ತಲುಪದೆ ಇದ್ರೆ ನನ್ನನ್ನ ಇಲ್ಲಿಗೇ ಕರೆಸಿ, ಬೆಂಚಿನ ಮೇಲೆ ನಿಲ್ಲಿಸಿ,” ಅಂದಳಂತೆ. ಮುಖ್ಯೋಪಾಧ್ಯಾಯಿನಿಗೆ ನಗು ತಡೆಯಲಾಗಲಿಲ್ಲ. ಮಗುವಿನ ಹೆಸರು ಸೇರಿತು.

ಆದರೆ ಕಚೇರಿಯಲ್ಲಿ ಅವಳ ಬೆವರಿಳಿಸಿದರು. ಸಾಹೇಬರು ವಿವರಣೆ ಕೇಳಿ ನೋಟಿಸು ಕೊಟ್ಟರು, ಸರ್ವರ್ ಕೆಲಸ ನಿಲ್ಲಿಸಿದರು. ನಿಜ ಹೇಳಬೇಕೆಂದರೆ ಅವಳ ಕಾಗದ ನಮ್ಮ ಶಾಖೆಗೂ ಬಂದಿತ್ತು. ನಮ್ಮ ಮೇಲ್ವಿಚಾರಕರು ಓದದೆಯೇ ಸಹಿ ಹಾಕಿ ಪಕ್ಕಕ್ಕಿಟ್ಟಿದ್ದರು. ಆ ಸಹಿ ತೋರಿಸಿದ್ದರೆ ಅವಳು ನಿರಾಳ. “ತೋರಿಸೇ, ಯಾಕೆ ಸುಮ್ನಿದೀಯ?” ಅಂದೆ.

“ಏನಂತ ತೋರಿಸ್ಲಿ? ನಾನು ಮೀಟರ್ ಕೋಣೆಯಿಂದ ನಾಲ್ಕು ಹೆಜ್ಜೆ ನಡೆದು ಬಂದು ನಿನ್ನನ್ನ ಒಂದು ಮಾತು ಕೇಳಬಹುದಿತ್ತು. ಕಾಗದ ಕಳಿಸಿ ಕೈ ತೊಳ್ಕೊಂಡೆ. ಅವರು ಸಹಿ ಹಾಕಿ ಕೈ ತೊಳ್ಕೊಂಡ್ರು. ಇಬ್ಬರ ಕೈಯೂ ಒಂದೇ ನೀರಲ್ಲಿ ತೊಳೆದಿದ್ದು.”

ಬಿದ್ದವಳ ಮೇಲೆ ಕಲ್ಲು ಎಸೆಯುವ ಜನಕ್ಕೆ ಬರವೇ? ಕ್ಯಾಂಟೀನಿನಲ್ಲಿ ಮೀಸೆ ಮಾವ ನಾಲ್ಕು ಜನರ ನಡುವೆ ಕೂತು, “ಇದರ ಒಳಮರ್ಮ ನಿಮಗೆ ಗೊತ್ತಿಲ್ಲ. ಅವಳ ಮನೆ ಹಿಂದಿನ ಗಲ್ಲೀಲಿದೆ. ಅತ್ತೆಗೆ ಫ್ಯಾನ್ ತಿರುಗ್ಲಿ ಅಂತ ನಮ್ಮ ಎ.ಸಿ. ಕೀಳ್ತಿದಾಳೆ. ಹಸಿರೂ ಇಲ್ಲ, ಹಳದೀನೂ ಇಲ್ಲ,” ಅಂದರು. ಅವಳು ಚಹಾ ಲೋಟ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಎಲ್ಲರ ಮುಖ ನೋಡಿ ಮೀಸೆ ಮಾವ ತಿರುಗಿದರು. ಮೀಸೆ ಇಳಿಯಿತು.

“ಹೌದು ಸಾರ್,” ಅಂದಳು ಅವಳು. “ಅತ್ತೆಗೆ ಫ್ಯಾನ್ ತಿರುಗಬೇಕು. ಅದರಲ್ಲಿ ಮುಚ್ಚಿಡೋದೇನಿದೆ? ಆ ಗಲ್ಲೀಲಿ ಇರೋ ಬೇರೆ ಅತ್ತೆಯರಿಗೂ ತಿರುಗಬೇಕು.” ಅಷ್ಟು ಹೇಳಿ ಲೋಟವನ್ನು ಪೂರ್ತಿ ಕುಡಿದು, ತೊಳೆದಿಟ್ಟು ಹೋದಳು. ನಾನು ಹಿಂದೆಯೇ ಹೋದೆ. ಮೀಟರ್ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ಆ ಬೇಸಿಗೆಯಲ್ಲಿ ಅತ್ತೆಗೆ ಉಬ್ಬಸ ಉಲ್ಬಣಿಸಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವ ಉಳಿಯಿತು. ಮನೆಗೆ ಕಳಿಸುವಾಗ ವೈದ್ಯರು, “ಆ ಹೊಗೆ ಹತ್ತಿರ ಇವರನ್ನ ವಾಪಸ್ ಕರ್ಕೊಂಡು ಹೋಗಬೇಡಿ. ಮತ್ತೆ ಬಂದ್ರೆ ನಾನೇನೂ ಭರವಸೆ ಕೊಡಲ್ಲ,” ಎಂದರು. ಗಂಡ ಮಾರನೇ ದಿನವೇ ಹೊರಟು ಊರಿನ ಇನ್ನೊಂದು ತುದಿಯಲ್ಲಿ, ದಿಬ್ಬದ ಮೇಲೆ ಒಂದು ಮನೆ ಹುಡುಕಿದ. ಒಳ್ಳೆಯ ಗಾಳಿ. ಆದರೆ ಅಲ್ಲಿ ಅತ್ತೆಗೆ ಗುರುತಿನವರು ಒಬ್ಬರೂ ಇರಲಿಲ್ಲ. ಸಾಮಾನು ಸಾಗಿಸುವ ದಿನ ನಾನೂ ಕೈಜೋಡಿಸಲು ಹೋಗಿದ್ದೆ. ಗಲ್ಲಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಗಾಡಿಯಲ್ಲಿ ಮುಂದೆ ಕೂತು, “ಯಾರೂ ಅಳಬೇಡಿ. ನಾನು ಸತ್ತಾಗ ಏನು ಮಾಡ್ತೀರಿ ಆಮೇಲೆ? ಕಣ್ಣೀರು ಉಳಿಸಿಟ್ಕೊಳ್ಳಿ,” ಎಂದು ಗದರಿದರು. ಗಾಡಿ ತಿರುವು ದಾಟುವವರೆಗೂ ಅವರು ಮಾತ್ರ ಹಿಂದೆ ತಿರುಗಿ ನೋಡುತ್ತಲೇ ಇದ್ದರು.

ಈಗ ಅವಳ ಉತ್ಸಾಹ ತಾನಾಗಿ ಆರುತ್ತದೆ ಎಂದುಕೊಂಡವರೇ ಹೆಚ್ಚು. ದಿಬ್ಬದ ಮೇಲೆ ಕರೆಂಟು ಹೋಗುವುದಿಲ್ಲ, ಹೊಗೆಯೂ ಇಲ್ಲ. ಇನ್ನೇನು ಬೇಕು? ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅವಳು ಎರಡು ಬಸ್ಸು ಬದಲಾಯಿಸಿ ಬಂದಳು, ಕೈಚೀಲವನ್ನು ಮೇಜಿನ ಕೆಳಗಿಟ್ಟಳು, ನೇರ ಸಾಹೇಬರ ಕೋಣೆಗೆ ಹೋಗಿ ಸರ್ವರ್ ಕೆಲಸ ಮತ್ತೆ ಶುರು ಮಾಡಲು ಅನುಮತಿ ಕೇಳಿದಳು.

ಸಾಹೇಬರಿಗೂ ಆಶ್ಚರ್ಯ. “ಮನೆ ಬದಲಾಯಿಸಿದೆಯಂತಲ್ಲ. ಇನ್ನೂ ಯಾಕಮ್ಮಾ ಈ ಉಸಾಬರಿ?”

“ಮನೆ ಬದಲಾಯ್ತು ಸಾರ್. ಟ್ರಾನ್ಸ್‌ಫಾರ್ಮರ್ ಬದಲಾಗಿಲ್ಲ.”

ಸಾಹೇಬರು ಅನುಮತಿ ಕೊಟ್ಟರು. ಈ ಸಲ ಅವಳು ಕಾಗದಗಳನ್ನು ನೆಚ್ಚಿಕೊಳ್ಳಲಿಲ್ಲ. ಪ್ರತಿ ಕೌಂಟರಿನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತು, ನಾವು ಯಾವ ಗುಂಡಿ ಒತ್ತುತ್ತೇವೆ, ಒತ್ತಿದ್ದು ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ನೋಡಿದಳು. ತಂತ್ರಜ್ಞರನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಗೊತ್ತಿಲ್ಲದ್ದನ್ನು ಅವರನ್ನು ಕೇಳುವುದಕ್ಕೆ ನಾಚಿಕೊಳ್ಳುತ್ತಿರಲಿಲ್ಲ. ನಮ್ಮ ಸಂಖ್ಯೆಯ ಯಂತ್ರದ ಕೆಲಸವನ್ನು ಹೊಸ ಸರ್ವರಿಗೆ ದಾಟಿಸಿದ ದಿನ ನನ್ನ ಪಕ್ಕದಲ್ಲೇ ಕೂತಿದ್ದಳು. ಮೊದಲ ಪತ್ರದಲ್ಲಿ ಸಂಖ್ಯೆ ಬಿದ್ದಾಗ ನನ್ನ ತೊಡೆ ಚಿವುಟಿದಳು. ಈಗಲೂ ನೆನೆಸಿಕೊಂಡರೆ ಉರಿಯುತ್ತದೆ.

ಅಷ್ಟರಲ್ಲಿ ಛಾವಣಿಯ ದೊಡ್ಡ ಯಂತ್ರ ಕೆಟ್ಟು ನಿಂತಿತು. ಅದಕ್ಕೆ ಮುಹೂರ್ತ ಸಿಕ್ಕಿದ್ದು ಸುಡುಬೇಸಿಗೆಯಲ್ಲೇ. ಬಿಡಿಭಾಗ ದೂರದಿಂದ ಬರಬೇಕು, ವಾರಗಟ್ಟಲೆ ಕಾಯಬೇಕು. ಕಿಟಕಿಗಳೆಲ್ಲ ಸ್ಕ್ರೂ ಹೊಡೆದು ಮುಚ್ಚಿವೆ. ನಾಲ್ಕನೇ ಮಹಡಿ ಅಂದರೆ ಬೇಯಿಸುವ ಪಾತ್ರೆ. ಬೆರಳಚ್ಚುಗಾರ್ತಿ ಕಿವಿಯ ಹತ್ತಿ ತೆಗೆದೆಸೆದು, ತಲೆ ಸುತ್ತಿ ಮೇಜಿನ ಮೇಲೆ ಒರಗಿದಳು. ಜನ ವರಾಂಡದ ಗಾಜು ಒಡೆಯುವ ಮಾತಾಡತೊಡಗಿದರು.

ಕತ್ತಲಮ್ಮ ಸಾಹೇಬರ ಬಳಿ ಹೋಗಿ, “ಸಾರ್, ಕಿಟಕಿ ಮಾತು ಎತ್ತಬೇಡ ಅಂದಿದ್ರಿ. ಎತ್ತಲಾ?” ಎಂದಳು. ಸಾಹೇಬರು ಕೋಟು ಬಿಚ್ಚಿ, ಕಡತದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕೈಯಿಂದಲೇ ‘ಹೋಗು, ಏನಾದರೂ ಮಾಡು’ ಎಂಬಂತೆ ಬೀಸಿದರು. ಅವಳಿಗೆ ಅಷ್ಟೇ ಸಾಕಾಗಿತ್ತು.

ಬಡಗಿ ಬಂದ. ಸ್ಕ್ರೂಗಳ ಮೇಲೆ ಪದರ ಪದರ ಬಣ್ಣ. ಬಡಗಿ ಹಲ್ಲು ಕಚ್ಚಿ ತಿರುಗಿಸಿದ, ಉಳಿಯಿಂದ ಕೆರೆದ, ಕಿಟಕಿಯ ವಂಶವನ್ನೆಲ್ಲ ಬೈದ. ಮೊದಲ ಕಿಟಕಿ ಕಿರುಚುತ್ತಾ ತೆರೆದುಕೊಂಡಿತು. ಧೂಳು ಬಂತು, ಬೀದಿಯ ಹಾರ್ನು ಬಂತು, ಒಂದು ಪಾರಿವಾಳವೂ ಒಳಗೆ ಇಣುಕಿತು. ಗಾಳಿ ಮಾತ್ರ ಬರಲಿಲ್ಲ. ಎಲ್ಲರೂ ಅವಳನ್ನು ದುರುಗುಟ್ಟಿ ನೋಡಿದರು. “ಎದುರಿಂದೂ ತೆಗೀಬೇಕು. ತಾಳಿ,” ಅಂದಳು. ಎದುರಿನ ಗೋಡೆಯ ಕಿಟಕಿ ತೆರೆದ ಕೂಡಲೇ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ನುಗ್ಗಿತು. ಮೇಜುಗಳ ಮೇಲಿನ ಕಾಗದವೆಲ್ಲ ಒಟ್ಟಿಗೆ ಎದ್ದು ಹಾರಿತು.

“ಕತ್ತಲಮ್ಮಾ! ನನ್ನ ಬಜೆಟ್ಟು ಬೀದಿ ಪಾಲಾಯ್ತು!” ಎಂದು ಮೀಸೆ ಮಾವ ಹಾಳೆಗಳ ಹಿಂದೆ ಓಡಿದರು. ಅವರು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಒಂದು ಹಾಳೆಗೆ ಕೈಚಾಚಿದ್ದು, ಬಡಗಿ ಅವರ ಸೊಂಟ ಹಿಡಿದು ಎಳೆದದ್ದು, ಅದನ್ನು ನೋಡಿ ಇಡೀ ಮಹಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು, ಎಷ್ಟೋ ಕಾಲದ ಮೇಲೆ ನಮ್ಮ ಕಚೇರಿಯಲ್ಲಿ ಕೇಳಿದ ಒಳ್ಳೆಯ ಸದ್ದು. ಕಾಗದದ ಮೇಲೆ ಇಡಲು ಏನೂ ಇರಲಿಲ್ಲ. ಸತ್ತುಹೋದ ಕಂಪ್ಯೂಟರುಗಳ ಹಾರ್ಡ್ ಡಿಸ್ಕುಗಳನ್ನು ಯಾರೋ ಉಗ್ರಾಣದಿಂದ ತಂದರು. ಒಳ್ಳೆ ಭಾರ, ಒಳ್ಳೆ ಹೊಳಪು.

ಎಲ್ಲವೂ ಸಲೀಸಾಗಿತ್ತು ಎಂದರೆ ಸುಳ್ಳಾಗುತ್ತದೆ. ಪಾರಿವಾಳಗಳು ದಾಖಲೆಯ ಕಪಾಟಿನ ಮೇಲೆ ಸಂಸಾರ ಹೂಡಿದವು. ಜಾಲರಿ ಹೊಡೆಸಬೇಕಾಯಿತು. ಪಶ್ಚಿಮದ ಕಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ದೂರು ಬಂತು. ಅವಳು ಮರದ ಪಟ್ಟಿಗಳ ಮರೆ ಕಟ್ಟಿಸಿದಳು. ಧೂಳು ಎಂದು ಗುಡಿಸುವವರು ಮುನಿಸಿಕೊಂಡರು. ಅವರ ಸಿಟ್ಟು ನ್ಯಾಯವಾದದ್ದೇ, ಕೊನೆಯವರೆಗೂ ಅದಕ್ಕೆ ಪೂರ್ತಿ ಪರಿಹಾರ ಸಿಗಲಿಲ್ಲ. ಆದರೂ ಛಾವಣಿಯ ಯಂತ್ರ ರಿಪೇರಿಯಾಗಿ ಬಂದ ದಿನ, ಕಿಟಕಿ ಮುಚ್ಚಿ ಎಂದು ಹೇಳಲು ಹೋದವನಿಗೆ ನಾಲ್ಕನೇ ಮಹಡಿಯವರು ಸೊಪ್ಪು ಹಾಕಲಿಲ್ಲ. “ತೀರಾ ಸೆಖೆ ಆದ್ರೆ ಹೇಳ್ತೀವಿ,” ಅಂದರು. ಬೇರೆ ಮಹಡಿಗಳೂ ತಮ್ಮ ಕಿಟಕಿ ತೆಗೆಸಿಕೊಡಲು ಕೇಳಿದವು. ಸಾಹೇಬರ ಕೋಣೆಯ ಕಿಟಕಿ ಮಾತ್ರ ಅವರು ನಿವೃತ್ತರಾಗುವವರೆಗೂ ತೆರೆಯಲಿಲ್ಲ. ನಾನು ಅದನ್ನೆತ್ತಿ ಆಡಿದರೆ ಅವಳು, “ಒಂದು ಕೋಣೆ ಹೋಗ್ಲಿ ಬಿಡೇ. ಅವರು ಕೈ ಬೀಸದೆ ಇದ್ದಿದ್ರೆ ಒಂದೂ ತೆಗೀತಿರಲಿಲ್ಲ,” ಎನ್ನುತ್ತಿದ್ದಳು.

ಸರ್ವರುಗಳೆಲ್ಲ ನೆಲಮಹಡಿಯ ತಂಪು ಮೂಲೆಯ ಒಂದೇ ಕೋಣೆಗೆ ಬಂದವು. ಮಹಡಿ ಮಹಡಿಗೊಂದರಂತೆ ಗುಂಯ್‌ಗುಡುತ್ತಿದ್ದ ಕೋಣೆಗಳು ಖಾಲಿಯಾದವು. ಭೂದಾಖಲೆಯ ಮೇಡಂ ತಮ್ಮ ಖಾಲಿ ಕೋಣೆಯನ್ನು ಅರ್ಜಿ ಹಿಡಿದು ಬರುವವರಿಗೆ ಕೂರುವ ಜಾಗ ಮಾಡಿಸಿದರು, ಬೆಂಚು ಹಾಕಿಸಿದರು, ಅದರ ಹೆಗ್ಗಳಿಕೆಯನ್ನೂ ತಾವೇ ತೆಗೆದುಕೊಂಡರು. ಮೀಸೆ ಮಾವ ಒಂದು ದಿನ ಮೀಟರ್ ಕೋಣೆಯ ಬಾಗಿಲಿಗೆ ಬಂದು, ಒಳಗೆ ಬರಲಾಗದೆ, ಹೊರಗೂ ಹೋಗಲಾಗದೆ ನಿಂತರು. “ಅತ್ತೆ ಹೇಗಿದಾರಮ್ಮಾ?” ಎಂದು ಕೇಳಿದರು. “ಚೆನ್ನಾಗಿದಾರೆ ಸಾರ್,” ಅಂದಳು ಅವಳು. ಅವರ ಬಾಯಿಂದ ಕ್ಷಮೆ ಅದಕ್ಕಿಂತ ಸ್ಪಷ್ಟವಾಗಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಕುರ್ಚಿ ಎಳೆದು ಕೊಟ್ಟಳು. ಅವರು ಕೂತು ಚಹಾ ಕುಡಿದು ಹೋದರು.

ಮುಂದಿನ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಜನರೇಟರ್ ಶುರುವಾಗುವುದನ್ನು ಕಾಯುತ್ತಾ ನಾನೇ ಕಿವಿ ನಿಮಿರಿಸಿ ಕೂರುತ್ತಿದ್ದೆ. ದಿನಗಳು ಕಳೆದವು, ಅದು ಕೆಮ್ಮಲಿಲ್ಲ. ಒಮ್ಮೆ ಮಾತ್ರ, ಗುಡುಗು ಮಳೆಗೆ ತಂತಿ ಹರಿದುಬಿದ್ದ ದಿನ ಓಡಿತು. ಗಲ್ಲಿಯ ಹೆಂಗಸೊಬ್ಬರು ಪ್ರಮಾಣಪತ್ರಕ್ಕೆ ಬಂದವರು, “ನಿಮ್ಮ ಆಫೀಸು ಸತ್ತುಹೋಯ್ತೇನೋ ಅಂದ್ಕೊಂಡ್ವಿ, ಸದ್ದೇ ಇಲ್ಲ,” ಎಂದರು.

ಸುದ್ದಿ ದಿಬ್ಬದ ಮೇಲಿನ ಮನೆಗೂ ತಲುಪಿತು. ತಲುಪದೆ ಇರುತ್ತದೆಯೇ? ಅತ್ತೆ ಅಂದಿನಿಂದ ಹಟ ಹಿಡಿದರು, ಹಳೆಯ ಮನೆಗೆ ಹೋಗೋಣ ಎಂದು. ಆದರೆ ಆ ಮನೆಗೆ ಅಷ್ಟರಲ್ಲಿ ಒಂದು ದರ್ಜಿಯ ಕುಟುಂಬ ಬಂದು ಬೇರು ಬಿಟ್ಟಿತ್ತು. ಅವರ ಹೊಲಿಗೆ ಯಂತ್ರ ಈಗ ಇಡೀ ಮಧ್ಯಾಹ್ನ ನಿಲ್ಲದೆ ನಡೆಯುತ್ತಿತ್ತು. ವೈದ್ಯರೂ ಸದ್ಯಕ್ಕೆ ದಿಬ್ಬವೇ ಇರಲಿ ಎಂದರು. ಕೊನೆಗೆ ಒಂದು ದಿನ ನೋಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಅವಳು ರಜೆ ಹಾಕಿ ಅತ್ತೆಯನ್ನು ಬಸ್ಸಿನಲ್ಲಿ ಕರೆತಂದಳು. ನಾನು ಊಟದ ಬಿಡುವಿನಲ್ಲಿ ಹೋಗಿ ಸೇರಿಕೊಂಡೆ.

ಗಲ್ಲಿಯೆಲ್ಲ ಬಾಗಿಲಿಗೆ ಬಂದಿತ್ತು. ಅತ್ತೆ ಒಬ್ಬೊಬ್ಬರ ಮನೆಯ ಬಾಕಿ ಸುದ್ದಿಯನ್ನೂ ವಸೂಲಿ ಮಾಡುತ್ತಾ, ನಿಂತು ನಿಂತು ನಡೆದು, ತಮ್ಮ ಹಳೆಯ ಮನೆಯ ಮುಂದೆ ಬಂದರು. ದರ್ಜಿಯ ಹೆಂಡತಿ ಒಳಗೆ ಕರೆದು ಕುರ್ಚಿ ಹಾಕಿದಳು. ಅತ್ತೆ ಕೂರದೆ ಸುತ್ತ ನೋಡಿದರು. ಗೋಡೆಯ ಬಣ್ಣ ಬದಲಾಗಿತ್ತು. ಕಿಟಕಿಯ ಪಕ್ಕ ಬಟ್ಟೆಯ ರಾಶಿ ಹಾಕಿದ ಚಾಪೆ.

“ಇವರನ್ನ ಎಬ್ಬಿಸೋಕಾಗುತ್ತಾ?” ಎಂದು ಸೊಸೆಯ ಕಿವಿಯಲ್ಲಿ ಕೇಳಿದರು. ಅವರ ಪಿಸುಮಾತು ಎಲ್ಲರಿಗೂ ಕೇಳುವಂಥದ್ದು.

“ಆಗಲ್ಲ ಅತ್ತೆ.”

“ಅದೂ ಸರಿ. ನಾವು ಹೋದ ಮೇಲೆ ಗಾಳಿ ಬಂತು ನೋಡು.”

ಕತ್ತಲಮ್ಮ ಕಿಟಕಿಯ ಕಡೆ ತಿರುಗಿದಳು. ಅಷ್ಟೆಲ್ಲ ಒದ್ದಾಡಿದ್ದು ಒಂದು ಬೇಸಿಗೆ ಮುಂಚೆ ಆಗಿದ್ದರೆ ಎಂಬ ಲೆಕ್ಕಾಚಾರ ಅವಳ ತಲೆಯಲ್ಲೂ ಓಡುತ್ತಿದ್ದಿರಬೇಕು. ದರ್ಜಿಯ ಹೆಂಡತಿಗೆ ಏನು ತೋಚಿತೋ, ಚಾಪೆಯ ಮೇಲಿನ ಬಟ್ಟೆಗಳನ್ನು ಬಾಚಿ ಪಕ್ಕಕ್ಕಿಟ್ಟು, “ದಣಿದಿದೀರಿ ಅಜ್ಜಿ, ಒಂದು ಗಳಿಗೆ ಅಡ್ಡಾಗಿ,” ಎಂದಳು. ಅತ್ತೆ ಉಪಚಾರಕ್ಕೂ ಬೇಡ ಅನ್ನದೆ ಕಿಟಕಿಯ ಕಡೆ ತಲೆ ಮಾಡಿ ಮಲಗಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಮಾತಾಡುತ್ತಾ ಆಡುತ್ತಾ ಅವರಿಗೆ ಅರ್ಧ ಮಾತಿನಲ್ಲೇ ನಿದ್ದೆ ಹತ್ತಿತು.

ನಾನು ಕಚೇರಿಗೆ ವಾಪಸಾದೆ. ದರ್ಜಿ ಹೊಲಿಗೆ ಯಂತ್ರವನ್ನು ಸದ್ದಿಲ್ಲದೆ ಜಗಲಿಗೆ ಎತ್ತಿಟ್ಟುಕೊಂಡನಂತೆ. ಎಬ್ಬಿಸಲು ಮನಸ್ಸಾಗದೆ ಸೊಸೆ ಗೋಡೆಗೊರಗಿ ಕೂತೇ ಇದ್ದಳಂತೆ. ಹೊರಡಬೇಕಾದ ಬಸ್ಸು ಹೋಯಿತು, ಅದರ ಮುಂದಿನದೂ ಹೋಯಿತು. ಕಚೇರಿ ಬಿಟ್ಟು ನಾನು ಮನೆಗೆ ಹೊರಟಾಗ ಇಬ್ಬರೂ ನಿಲ್ದಾಣದಲ್ಲಿ ನಿಂತಿದ್ದರು. ಅತ್ತೆಯ ಕೆನ್ನೆಯ ಮೇಲೆ ಚಾಪೆಯ ಗೀರು ಮೂಡಿತ್ತು, ಕೈಯಲ್ಲಿ ಗಲ್ಲಿಯವರು ಕಟ್ಟಿಕೊಟ್ಟ ಚೀಲಗಳಿದ್ದವು. ನನ್ನನ್ನು ಕಂಡು, “ಮುಂದಿನ ವಾರವೂ ಬರ್ತೀನಿ, ಆ ದರ್ಜಿ ಮನೆ ಹುಡುಗೀಗೆ ಹೇಳಿಬಿಟ್ಟಿದೀನಿ,” ಎಂದರು. ಬಸ್ಸು ಬಂತು. ಸೊಸೆ ಅವರ ಸೊಂಟಕ್ಕೆ ಕೈಕೊಟ್ಟು ಹತ್ತಿಸಿದಳು.